ನೀರು ತುಂಬಿದ ಪ್ರಯೋಗಾಲಯ

ಕ್ವಾಲಾಲಂಪುರದ ದಕ್ಷಿಣಕ್ಕಿರುವ ಸೆರಿ ಕೆಂಬಾಂಗನ್‌ನಲ್ಲಿ ನಾನು ನೆಲೆಸಿ ಇಪ್ಪತ್ತು ವರ್ಷಗಳು ದಾಟಿದವು. ನಮ್ಮ ಬಡಾವಣೆಯ ಸಮೀಪ ವಿಶಾಲವಾದ ಕೆರೆಯೊಂದಿದೆ. ಅದರ ಸುತ್ತ ಹೋಟೆಲುಗಳು, ಗಾಲ್ಫ್ ಮೈದಾನ ಮತ್ತು ಒಂದು ಮಾಲ್. ಮಾಲಿನ ಒಳಗೇ ಕಾಲುವೆ ಹರಿಸಿ ದೋಣಿ ಬಿಟ್ಟಿದ್ದಾರೆ. ಊರಿನಿಂದ ಬಂದ ನೆಂಟರನ್ನು ಮೊದಲ ವಾರದಲ್ಲಿ ಅಲ್ಲಿಗೆ ಕರೆದೊಯ್ಯುವುದು ನಮ್ಮಲ್ಲಿ ಹೆಚ್ಚುಕಡಿಮೆ ಶಾಸ್ತ್ರವಾಗಿಬಿಟ್ಟಿದೆ. ಆ ಪ್ರದೇಶಕ್ಕೆ ‘ದಿ ಮೈನ್ಸ್’ ಎಂದು ಹೆಸರು. ಹೆಸರಿನಲ್ಲಿ ಸುಳ್ಳಿಲ್ಲ, ಕಣ್ಣಿಗೆ ಕಾಣುವುದು ಕೆರೆಯಾದರೂ ಅದು ಗಣಿ. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ತೆರೆದ ತವರದ ಗಣಿಗಳಲ್ಲಿ ಒಂದೆನಿಸಿದ್ದ ಹಾಂಗ್ ಫ್ಯಾಟ್ ಗಣಿಯ ಗುಂಡಿಯಲ್ಲಿ ನೀರು ನಿಂತು ಆದದ್ದು. 1985ರಲ್ಲಿ ತವರದ ಬೆಲೆ ಕುಸಿದ ಮೇಲೆ ಮಲೇಷ್ಯಾದ ಗಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1999ರಲ್ಲಿ ಇದೇ ದಂಡೆಯ ಮೇಲೆ ಗಾಲ್ಫ್ ವಿಶ್ವಕಪ್ ನಡೆದು ಟೈಗರ್ ವುಡ್ಸ್ ಇದ್ದ ಅಮೆರಿಕದ ತಂಡ ಗೆದ್ದಿತು.

ಸುಮಾರು ಹದಿನೈದು ವರ್ಷಗಳ ಹಿಂದೆ ಅಪ್ಪ ಇಲ್ಲಿಗೆ ಬಂದಿದ್ದರು. ಅವರನ್ನೂ ಆ ದಂಡೆಗೆ ಕರೆದೊಯ್ದೆ. ದೋಣಿಯನ್ನು ಅವರು ನೋಡಲಿಲ್ಲ, ಮಾಲನ್ನೂ ನೋಡಲಿಲ್ಲ. ಕಟಕಟೆಯ ಮೇಲೆ ಕೈಯಿಟ್ಟು ನೀರನ್ನೇ ಬಹಳ ಹೊತ್ತು ದಿಟ್ಟಿಸಿ, “ಎಷ್ಟು ಆಳವೋ ಇದು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ನಮ್ಮದರ ಮುಂದೆ ಏನೂ ಇರಲಾರದು” ಎಂದು ತಾವೇ ಹೇಳಿಕೊಂಡರು.

‘ನಮ್ಮದು’ ಎಂದರೆ ಕೋಲಾರ ಚಿನ್ನದ ಗಣಿ. ಈಗ ಕೆಜಿಎಫ್ ಎಂದರೆ ಇಲ್ಲಿನ ಮಾಮಕ್ ಅಂಗಡಿಯ ಹುಡುಗನೂ ಸಿನಿಮಾದ ಹಿನ್ನೆಲೆ ಸಂಗೀತವನ್ನು ಗುನುಗುತ್ತಾನೆ. ಕೆಜಿಎಫ್‌ನ ಓಣಿಗಳಲ್ಲಿ ಬೆಳೆದ ನನಗೆ ಕನ್ನಡದಷ್ಟೇ ತಮಿಳೂ ಬರುವುದರಿಂದ, ಮಲೇಷ್ಯಾದ ತಮಿಳರು ನನ್ನನ್ನು ತಮ್ಮವನೆಂದೇ ಎಣಿಸಿ, ನಿಜಕ್ಕೂ ಅಲ್ಲಿ ಹಾಗೆಲ್ಲ ಇತ್ತೇ ಎಂದು ಕುತೂಹಲದಿಂದ ವಿಚಾರಿಸುತ್ತಾರೆ. ಹಾಗಿರಲಿಲ್ಲ. ಆದರೆ ಸಿನಿಮಾದವರ ಕಲ್ಪನೆಗೂ ಹೊಳೆಯದ ಒಂದು ಸಂಗತಿ ಅಲ್ಲಿತ್ತು. ಭೂಮಿಯ ಮೇಲೆ ಆ ಕಾಲಕ್ಕೆ ಇದ್ದ ಅತ್ಯಂತ ಆಳದ ವಿಜ್ಞಾನ ಪ್ರಯೋಗಾಲಯಗಳಲ್ಲಿ ಒಂದು ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ನೆಲದೊಳಗೆ ನೇರ ಎರಡು ಕಿ.ಮೀ. ಕೆಳಗಿತ್ತು.

ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದವರು. ಶಾಫ್ಟಿನೊಳಗೆ ಕೇಜನ್ನು ಇಳಿಸುವುದು, ಏರಿಸುವುದು ಅವರ ಕೆಲಸ. ಕೆಳಗಿನವರ ಮುಖ ಕಾಣದು, ಮಾತು ಕೇಳದು. ಗಂಟೆಯ ಸಂಕೇತವೊಂದೇ ಅವರಿಬ್ಬರ ನಡುವಿನ ಭಾಷೆ. ಪಾಳಿಯ ಕಾರ್ಮಿಕರ ಜೊತೆಗೆ ಆಗಾಗ ‘ಬಾಂಬೆಯವರು’ ಕೂಡ ಇಳಿಯುತ್ತಿದ್ದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿಗೆ ಗಣಿಯ ಜನ ಇಟ್ಟಿದ್ದ ಹೆಸರು ಅದು. “ಎಲ್ಲರೂ ಕಲ್ಲು ಮೇಲಕ್ಕೆ ತರುತ್ತಿದ್ದರೆ ಬಾಂಬೆಯವರು ಕಬ್ಬಿಣ ಕೆಳಕ್ಕೆ ಕಳಿಸುತ್ತಿದ್ದರು” ಎಂದು ಅಪ್ಪ ನಗುತ್ತಿದ್ದರು. ಅವರು ಅಲ್ಲಿ ಏನು ಮಾಡುತ್ತಿದ್ದರೆಂಬುದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ಆಕಾಶದಿಂದ ವಿಶ್ವಕಿರಣಗಳು ಎಡೆಬಿಡದೆ ಭೂಮಿಯ ಮೇಲೆ ಸುರಿಯುತ್ತಿರುತ್ತವೆ. ಅವು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಕಣಗಳು ಚಾಚಿದ ಅಂಗೈಯೊಂದರ ಮೂಲಕ ಸೆಕೆಂಡಿಗೆ ಒಂದರಂತೆ ಹಾದುಹೋಗುತ್ತಿವೆ. ಈ ಓದನ್ನು ನೀವು ಮುಗಿಸುವಷ್ಟರಲ್ಲಿ ನಿಮ್ಮ ಕೈಯನ್ನು ನೂರಾರು ಕಣಗಳು ದಾಟಿರುತ್ತವೆ. ಅದೇ ಬಡಿತದಲ್ಲಿ ನ್ಯೂಟ್ರಿನೋ ಎಂಬ ಇನ್ನೊಂದು ಕಣವೂ ಹುಟ್ಟುತ್ತದೆ. ಅದಕ್ಕೆ ವಿದ್ಯುದಾವೇಶವಿಲ್ಲ, ತೂಕವೆಂಬುದು ಇದ್ದೂ ಇಲ್ಲದಂತೆ. ಇಡೀ ಭೂಮಿಯನ್ನು ತೂರಿ ಆಚೆ ಹೋದರೂ ಯಾವ ಪರಮಾಣುವಿಗೂ ಅದರ ಸುಳಿವು ಹತ್ತುವುದಿಲ್ಲ. ಕೋಟಿ ಕೋಟಿಗೊಂದು ಮಾತ್ರ ಎಲ್ಲೋ ಡಿಕ್ಕಿ ಹೊಡೆದು ಕುರುಹು ಬಿಡುತ್ತದೆ. ಆ ಕುರುಹನ್ನು ಕಾಣಬೇಕಾದರೆ ಮ್ಯೂಆನ್‌ಗಳ ಗದ್ದಲ ನಿಲ್ಲಬೇಕು. ಜಾತ್ರೆಯ ನಡುವೆ ನಿಂತು ಸೂಜಿ ಬಿದ್ದ ಸದ್ದನ್ನು ಆಲಿಸಲಾದೀತೇ? ಗದ್ದಲವನ್ನು ತಡೆಯಲು ಬೇಕಾದದ್ದು ಬಂಡೆ, ಕಿಲೋಮೀಟರುಗಟ್ಟಲೆ ದಪ್ಪದ ಬಂಡೆ. ಅಂಥ ಜಾಗವನ್ನು ವಿಜ್ಞಾನಿಗಳು ತಾವಾಗಿ ತೋಡಲಾರರು. ಚಿನ್ನದ ಆಸೆ ಮಾತ್ರ ಮನುಷ್ಯನನ್ನು ಅಷ್ಟು ಆಳಕ್ಕೆ ಇಳಿಸುತ್ತದೆ. ಚಾಂಪಿಯನ್ ರೀಫ್ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು.

ಹೋಮಿ ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲಿ ಈ ಗಣಿಗೆ ಉಪಕರಣ ಹೊತ್ತು ಇಳಿದವರು ಬಿ.ವಿ. ಶ್ರೀಕಂಠನ್. ನಂಜನಗೂಡಿನಲ್ಲಿ ಹುಟ್ಟಿದವರು, ಮುಂದೆ ಅದೇ ಟಾಟಾ ಸಂಸ್ಥೆಯ ನಿರ್ದೇಶಕರಾದವರು. ಅವರೂ ಅವರ ಸಂಗಡಿಗರೂ ಗಣಿಯ ಬೇರೆ ಬೇರೆ ಮಟ್ಟಗಳಲ್ಲಿ ಉಪಕರಣವಿಟ್ಟು, ಇಳಿದಷ್ಟೂ ಮ್ಯೂಆನ್‌ಗಳು ಹೇಗೆ ವಿರಳವಾಗುತ್ತವೆ ಎಂಬುದನ್ನು ವರ್ಷಗಟ್ಟಲೆ ಅಳೆದರು. ಕಡೆಗೆ ಅತ್ಯಂತ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಬೇರೆ ಪ್ರಯೋಗವಾಗಿದ್ದರೆ ಅದನ್ನು ಸೋಲೆನ್ನಬೇಕಿತ್ತು. ಇಲ್ಲಿ ಅದೇ ಶುಭ ಸುದ್ದಿ, ಏಕೆಂದರೆ ಗದ್ದಲ ನಿಂತಿತ್ತು. ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಒಟ್ಟಾಗಿ ಶೋಧಕಗಳನ್ನು ಜೋಡಿಸಿದವು. 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತು ಅಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡಕ್ಕೂ ಅದೇ ವರ್ಷ ಸಿಕ್ಕಿತು. ಕೋಲಾರದ ಪ್ರಬಂಧ ಕೆಲವೇ ದಿನಗಳ ಅಂತರದಲ್ಲಿ ಮೊದಲು ಅಚ್ಚಾಯಿತು.

ಅಪ್ಪ ಹೇಳುತ್ತಿದ್ದ ಕಬ್ಬಿಣ ಇದಲ್ಲ, ಆಮೇಲಿನದು. 1980ರಲ್ಲಿ ಅಲ್ಲಿ ಸುಮಾರು 140 ಟನ್ ತೂಕದ ಶೋಧಕ ಕೆಲಸ ಆರಂಭಿಸಿತು. ಪದರ ಪದರವಾಗಿ ಪೇರಿಸಿದ ಕಬ್ಬಿಣದ ಕೊಳವೆಗಳು, ಒಳಗೆ ಅನಿಲ, ನಡುವೆ ಒಂದು ತಂತಿ. ಪರಮಾಣುವಿನ ತಿರುಳಲ್ಲಿರುವ ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂಬುದು ಅದರ ಪ್ರಶ್ನೆ. ಕೆಲವು ಸಾವುಗಳನ್ನು ಕಂಡೆವೆಂದು ಕೋಲಾರದ ತಂಡ ಪ್ರಕಟಿಸಿತು. ಬೇರೆಡೆಯ ದೊಡ್ಡ ಶೋಧಕಗಳಿಗೆ ಅದು ಕಾಣಲಿಲ್ಲ, ಜಗತ್ತು ಒಪ್ಪಲಿಲ್ಲ. ನಮ್ಮವರು ಎಂಬ ಅಭಿಮಾನದಿಂದ ಆ ಭಾಗವನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಅದೇ ಪ್ರಶ್ನೆಯನ್ನು ಹಿಡಿದು ಜಪಾನಿನವರು 1983ರಲ್ಲಿ ಕಾಮಿಯೋಕಾ ಗಣಿಯಲ್ಲಿ ಮೂರು ಸಾವಿರ ಟನ್ ನೀರಿನ ತೊಟ್ಟಿ ಕಟ್ಟಿದರು. ಅವರಿಗೂ ಸಾಯುವ ಪ್ರೋಟಾನ್ ಸಿಗಲಿಲ್ಲ. ಆದರೆ 1987ರ ಫೆಬ್ರವರಿಯಲ್ಲಿ ನಮ್ಮ ನೆರೆಯ ನಕ್ಷತ್ರಪುಂಜದಲ್ಲಿ ಒಂದು ತಾರೆ ಸಿಡಿದಾಗ, ಅದರಿಂದ ಹೊರಟ ಹತ್ತು-ಹನ್ನೆರಡು ನ್ಯೂಟ್ರಿನೋಗಳು ಆ ತೊಟ್ಟಿಗೆ ಸಿಕ್ಕಿದವು. ಹುಡುಕಿದ್ದು ಒಂದು, ದೊರೆತದ್ದು ಇನ್ನೊಂದು. ಅಲ್ಲಿಯೇ ಮುಂದೆ 50 ಸಾವಿರ ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಎದ್ದಿತು. ನ್ಯೂಟ್ರಿನೋಗೆ ತೂಕವಿದೆಯೆಂದು 1998ರಲ್ಲಿ ತೋರಿಸಿಕೊಟ್ಟದ್ದು ಅದು. 2002 ಮತ್ತು 2015ರಲ್ಲಿ ಈ ಗಣಿಯ ಕೆಲಸಕ್ಕೆ ನೊಬೆಲ್ ಬಹುಮಾನಗಳು ಬಂದವು. ಆ ಸಾಧನೆಗೆ ಸೂಪರ್ ಕಾಮಿಯೋಕಾಂಡೆ ಬಳಸಿಕೊಂಡದ್ದು ಯಾವ ನ್ಯೂಟ್ರಿನೋ ಎಂಬುದನ್ನು ಗಮನಿಸಬೇಕು: ಕೋಲಾರದ ಬಂಡೆಯೊಳಗೆ 1965ರಲ್ಲಿ ಮೊದಲು ಗುರುತು ಕೊಟ್ಟ ಅದೇ ವಾತಾವರಣದ ನ್ಯೂಟ್ರಿನೋ.

2001ರಲ್ಲಿ ಕಾಮಿಯೋಕಾದಲ್ಲಿ ಅದಿರು ತೆಗೆಯುವುದು ನಿಂತಿತು. ಅದೇ ವರ್ಷ, ಫೆಬ್ರವರಿ 28ರಂದು, ಕೆಜಿಎಫ್ ಗಣಿಯೂ ಮುಚ್ಚಿತು. ಜಪಾನಿನಲ್ಲಿ ಗಣಿ ಹೋದರೂ ಪ್ರಯೋಗಾಲಯ ಉಳಿಯಿತು. ಆ ವರ್ಷದ ನವೆಂಬರ್‌ನಲ್ಲಿ ಅಲ್ಲಿನ ಸುಮಾರು 11 ಸಾವಿರ ಗಾಜಿನ ಬೆಳಕುಶೋಧಕಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದರ ಹಿಂದೆ ಒಂದು ಒಡೆದು ಚೂರಾದವು. ಉಳಿದವನ್ನೇ ಜೋಡಿಸಿ ಮರುವರ್ಷ ಕೆಲಸ ಶುರುಮಾಡಿದರು. ಕೋಲಾರದಲ್ಲಿ ಪ್ರಯೋಗಗಳು ಗಣಿಗಿಂತ ಮೊದಲೇ, ತೊಂಬತ್ತರ ದಶಕದಲ್ಲಿ, ಮುಗಿದಿದ್ದವು. ಪಂಪುಗಳು ನಿಂತ ಮೇಲೆ ನೀರು ಏರಿತು.

ಇಲ್ಲಿ ನನ್ನ ವಾದವನ್ನು ನೇರವಾಗಿ ಹೇಳಿಬಿಡುತ್ತೇನೆ. ದೊಡ್ಡ ವಿಜ್ಞಾನಕ್ಕೆ ಬೇಕಾದ ಉಪಕರಣಗಳನ್ನು ಕೊಳ್ಳಬಹುದು, ಕಟ್ಟಬಹುದು, ಹಳತಾದರೆ ಬದಲಿಸಬಹುದು. ಎರಡು ಕಿ.ಮೀ. ಆಳವನ್ನು ಕೊಳ್ಳಲಾಗದು. ಕೆಜಿಎಫ್‌ನಲ್ಲಿ ಅತ್ಯಂತ ಬೆಲೆಬಾಳುವ ಉಪಕರಣವಾಗಿದ್ದದ್ದು ಆ ಆಳವೇ. ಅದನ್ನು ನಾವು ಚಿನ್ನ ಮುಗಿದ ಗುಂಡಿಯ ಲೆಕ್ಕದಲ್ಲಿ ಬರೆದು ಕೈಬಿಟ್ಟೆವು. ಗಣಿ ಮುಚ್ಚುವ ನಿರ್ಧಾರಕ್ಕೆ ನಷ್ಟದ ಅಂಕಿಗಳಿದ್ದವು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಆ ಅಂಕಿಗಳ ಕಾಗದದಲ್ಲಿ ಪ್ರಯೋಗಾಲಯಕ್ಕೆಂದು ಒಂದು ಸಾಲು ಇರಬೇಕಿತ್ತು.

ಕೈಬಿಟ್ಟದ್ದರ ಬೆಲೆ ಬೇಗನೆ ಗೊತ್ತಾಯಿತು. ನ್ಯೂಟ್ರಿನೋ ಸಂಶೋಧನೆಗೆ ಹೊಸ ಜಾಗ ಹುಡುಕುತ್ತ ಹೊರಟ ಭಾರತದ ವಿಜ್ಞಾನಿಗಳಿಗೆ ನೀಲಗಿರಿಯ ಸಿಂಗಾರದಲ್ಲಿ ಹುಲಿಗಳ ಕಾಡಿನ ಕಾರಣದಿಂದ ಅನುಮತಿ ಸಿಗಲಿಲ್ಲ. ಆಮೇಲೆ ತಮಿಳುನಾಡಿನ ತೇನಿ ಜಿಲ್ಲೆಯ ಪೊಟ್ಟಿಪುರಂ ಬಳಿಯ ಬೆಟ್ಟವನ್ನು ಆರಿಸಿ, 50 ಸಾವಿರ ಟನ್ ಕಬ್ಬಿಣದ ಶೋಧಕದ ಯೋಜನೆ ಸಿದ್ಧವಾಗಿ, 2015ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತು. ಊರಿನವರು ವಿರೋಧಿಸಿದರು, ರಾಜ್ಯ ಸರ್ಕಾರವೂ ಒಲ್ಲೆನೆಂದಿತು. ಆ ವಿರೋಧವನ್ನು ಅಜ್ಞಾನವೆಂದು ಜರೆಯುವವರ ಸಾಲಿಗೆ ನಾನು ಸೇರುವುದಿಲ್ಲ. ನ್ಯೂಟ್ರಿನೋದಿಂದ ಯಾರಿಗೂ ಕೆಡುಕಿಲ್ಲ, ನಿಜ. ಆದರೆ ಬೆಟ್ಟದ ಬುಡದಲ್ಲಿ ಸಿಡಿಮದ್ದು ಹಾರಿಸಿ ಸುರಂಗ ಕೊರೆಯುತ್ತೇವೆಂದು ಹೊರಗಿನವರು ಬಂದರೆ ರೈತ ಅಂಜದಿರುತ್ತಾನೆಯೇ? ಕೆಜಿಎಫ್‌ನಲ್ಲಿ ಆ ಅಂಜಿಕೆಯೇ ಇರಲಿಲ್ಲ. ಸುರಂಗ ಮೊದಲೇ ಇತ್ತು, ವಿಜ್ಞಾನಿಗಳೂ ಕಾರ್ಮಿಕರೂ ಒಂದೇ ಕೇಜಿನಲ್ಲಿ ಇಳಿಯುತ್ತಿದ್ದರು. 2017ರಲ್ಲಿ ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ ಒಂದು ಚಿಕ್ಕ ಪ್ರಯೋಗಾಲಯ ತೆರೆಯಿತು. ಸಂತೋಷದ ಸಂಗತಿ. ಅದರ ಆಳ ಸುಮಾರು 550 ಮೀಟರ್, ಕೋಲಾರದ ನಾಲ್ಕನೇ ಒಂದು ಭಾಗ.

ಜಪಾನ್ ಶ್ರೀಮಂತ ದೇಶ, ಅವರ ಮಾತು ಬೇರೆ ಎನ್ನುವವರುಂಟು. ಆ ಆಕ್ಷೇಪ ನನ್ನ ಮನಸ್ಸಿನಲ್ಲೂ ಇತ್ತು. ಅದು ಸಡಿಲವಾದದ್ದು ಮನೆಯಿಂದ ಅರ್ಧ ಗಂಟೆಯ ದಾರಿಯ ಬಾಂಗಿಯಲ್ಲಿ.

ಬಾಂಗಿಯಲ್ಲಿ ಮಲೇಷ್ಯಾದ ಪರಮಾಣು ಸಂಸ್ಥೆಯಿದೆ. ಅದರ ಆವರಣದಲ್ಲಿ ಈ ದೇಶದ ಏಕೈಕ ಪರಮಾಣು ರಿಯಾಕ್ಟರ್, ‘ಟ್ರಿಗಾ ಪುಸ್ಪತಿ’. ಮಗಳ ಕಾಲೇಜಿನ ತಂಡದೊಂದಿಗೆ ಒಮ್ಮೆ ಅದನ್ನು ನೋಡುವ ಅವಕಾಶ ಸಿಕ್ಕಿತು. ರಿಯಾಕ್ಟರ್ ಎಂದರೆ ಕೈಗಾದ ಗುಮ್ಮಟಗಳನ್ನು ನೆನೆಯುವ ನಮಗೆ ಇದು ಆಟಿಕೆಯಂತೆ ಕಾಣುತ್ತದೆ. ಕೈಗಾದ ಒಂದೊಂದು ಘಟಕ 220 ಮೆಗಾವಾಟ್ ವಿದ್ಯುತ್ ಉತ್ಪಾದಿಸಿದರೆ, ಇದರ ಗರಿಷ್ಠ ಶಕ್ತಿ ಒಂದು ಮೆಗಾವಾಟ್, ಅದೂ ಬರೀ ಶಾಖ. ವಿದ್ಯುತ್ ತಯಾರಿಸುವುದು ಅದರ ಕೆಲಸವೇ ಅಲ್ಲ. ಮೆಟ್ಟಿಲೇರಿ ಮೇಲಿನಿಂದ ಇಣುಕಿದರೆ ತಿಳಿಯಾದ ನೀರಿನ ಆಳವಾದ ತೊಟ್ಟಿ, ತಳದಲ್ಲಿ ಇಂಧನದ ಸರಳುಗಳ ಗೊಂಚಲು, ಅದರ ಸುತ್ತ ಹೇಳಲಾಗದಷ್ಟು ಶಾಂತವಾದ ನೀಲಿ ಬೆಳಕು. ನೀರಿನಲ್ಲಿ ಬೆಳಕಿಗಿಂತ ವೇಗವಾಗಿ ಓಡುವ ಎಲೆಕ್ಟ್ರಾನುಗಳು ಹೊಮ್ಮಿಸುವ ಚೆರೆಂಕೋವ್ ಬೆಳಕು ಅದು. ಕಾಮಿಯೋಕಾದ ತೊಟ್ಟಿಯಲ್ಲಿ ನ್ಯೂಟ್ರಿನೋ ಬಿಟ್ಟುಹೋಗುವ ಕುರುಹೂ ಇದೇ ಬೆಳಕು. ಈ ಇಂಧನದ ಗುಣವೊಂದು ವಿಶೇಷ: ಬಿಸಿ ಏರಿದಂತೆ ಕ್ರಿಯೆ ತಾನಾಗಿ ತಗ್ಗುತ್ತದೆ. ವಿದ್ಯಾರ್ಥಿಗಳ ಕೈಗೆ ಕೊಡಬಹುದಾದ ರಿಯಾಕ್ಟರ್ ಎಂದೇ ಅಮೆರಿಕದ ಜನರಲ್ ಅಟಾಮಿಕ್ಸ್ ಕಂಪನಿ ಇದನ್ನು ರೂಪಿಸಿತ್ತು.

ಈ ಯಂತ್ರ ಮೊದಲು ಉರಿದದ್ದು 1982ರ ಜೂನ್ 28ರಂದು. ಅಂದಿನಿಂದ ಇಂದಿನವರೆಗೆ ಸಂಸ್ಥೆಯ ಹೆಸರು ಹಲವು ಸಲ ಬದಲಾಗಿದೆ, ಸಚಿವಾಲಯಗಳು ಬದಲಾಗಿವೆ, ಅಣುವಿದ್ಯುತ್ ಬೇಕೋ ಬೇಡವೋ ಎಂಬ ಚರ್ಚೆ ಎದ್ದು ಅಡಗಿ ಮತ್ತೆ ಎದ್ದಿದೆ. ತೊಟ್ಟಿಯ ನೀಲಿ ಬೆಳಕು ಮಾತ್ರ ಉಳಿದುಕೊಂಡಿದೆ. ಹಳೆಯ ಅನಲಾಗ್ ನಿಯಂತ್ರಣ ಫಲಕ ಹೋಗಿ ಡಿಜಿಟಲ್ ಬಂದಿದೆ. ಮಣ್ಣನ್ನೋ ಅಕ್ಕಿಯನ್ನೋ ಒಂದು ಚಿಟಿಕೆ ತಂದು ಒಳಗಿಟ್ಟರೆ, ನ್ಯೂಟ್ರಾನ್ ಬಡಿದ ಪ್ರತಿಯೊಂದು ಧಾತುವೂ ತನ್ನದೇ ಗಾಮಾ ಕಿರಣ ಸೂಸಿ ತನ್ನ ಹೆಸರು ಹೇಳುತ್ತದೆ. ಮಣ್ಣಿನಲ್ಲಿ ಆರ್ಸೆನಿಕ್ ಎಷ್ಟಿದೆಯೆಂದು ತಿಳಿಯಲು ಇದಕ್ಕಿಂತ ನಯವಾದ ತಕ್ಕಡಿ ಕಡಿಮೆ. ಅದೇ ಸಂಸ್ಥೆ ಗಾಮಾ ಕಿರಣ ಹಾಯಿಸಿ ಬೆಳೆಸಿದ ಎನ್‌ಎಂಆರ್152 ಎಂಬ ಭತ್ತದ ತಳಿ ಇಲ್ಲಿನ ಗದ್ದೆಗಳಿಗೆ ಹೋಗಿದೆ. ನೊಬೆಲ್ ಬರುವ ಕೆಲಸವಲ್ಲ. ಆದರೆ ನಾಲ್ಕು ದಶಕಗಳಲ್ಲಿ ಆ ಯಂತ್ರವನ್ನು ನಡೆಸಬಲ್ಲ, ಬಿಚ್ಚಿ ಜೋಡಿಸಬಲ್ಲ, ಅದರ ಸದ್ದಿನಲ್ಲೇ ಅದರ ಆರೋಗ್ಯ ತಿಳಿಯಬಲ್ಲ ಜನರ ಒಂದು ಪರಂಪರೆ ಬಾಂಗಿಯಲ್ಲಿ ಬೆಳೆದಿದೆ. ನಮಗೆ ವಿವರಿಸಿದ ಹಿರಿಯ ತಂತ್ರಜ್ಞರು ಯಂತ್ರವನ್ನು ‘ಇವಳು’ ಎಂದು ಕರೆಯುತ್ತಿದ್ದರು. ನನಗೆ ಅಪ್ಪನ ವೈಂಡಿಂಗ್ ಎಂಜಿನ್ ನೆನಪಾಯಿತು.

ಮಲೇಷ್ಯಾವನ್ನು ಹೊಗಳಿ ಊರನ್ನು ತೆಗಳುವ ಅನಿವಾಸಿಯ ಚಾಳಿ ಎಂದು ಓದುಗರು ತಿಳಿಯಬಾರದು. ಪರಮಾಣುವಿನ ವಿಷಯದಲ್ಲಿ ಈ ದೇಶಕ್ಕೂ ಕಹಿ ನೆನಪುಗಳಿವೆ. ಇಪೋ ಸಮೀಪದ ಬುಕಿತ್ ಮೇರಾದಲ್ಲಿ ಅಪರೂಪದ ಖನಿಜಗಳ ಕಾರ್ಖಾನೆಯ ವಿಕಿರಣ ತ್ಯಾಜ್ಯದ ವಿರುದ್ಧ ಎಂಬತ್ತರ ದಶಕದಲ್ಲಿ ಜನ ಬೀದಿಗಿಳಿದಿದ್ದರು. ಗಣಿಗಳ ವಿಷಯದಲ್ಲಿಯೂ ಇವರು ನಮಗೆ ಮಾದರಿಯಲ್ಲ. ಪಹಾಂಗ್ ರಾಜ್ಯದ ಸುಂಗೈ ಲೆಂಬಿಂಗ್‌ನಲ್ಲಿ ನೂರಾರು ಕಿ.ಮೀ. ಸುರಂಗಗಳಿದ್ದ ತವರದ ಗಣಿ 1986ರಲ್ಲಿ ಮುಚ್ಚಿ, ಈಗ ಪ್ರವಾಸಿಗರ ವಸ್ತುಸಂಗ್ರಹಾಲಯವಾಗಿದೆ. ನಮ್ಮ ಮನೆಯ ಬಳಿಯದು ಗಾಲ್ಫ್ ದಂಡೆಯಾಯಿತು. ಅವುಗಳಲ್ಲಿ ಪ್ರಯೋಗಾಲಯ ಎಂದೂ ಇರಲಿಲ್ಲ, ಆದ್ದರಿಂದ ಕಳೆದುಕೊಂಡದ್ದೂ ಇಲ್ಲ. ನಮ್ಮಲ್ಲಿ ಇತ್ತು.

ನೀರು ತುಂಬಿದ ಮೇಲೆ ಇನ್ನೇನು ಎಂಬ ನಿರಾಶೆಗೆ ಅಮೆರಿಕದ ಸೌತ್ ಡಕೋಟಾದಲ್ಲಿ ಒಂದು ಉತ್ತರವಿದೆ. ಅಲ್ಲಿನ ಹೋಮ್‌ಸ್ಟೇಕ್ ಕೂಡ ಕೋಲಾರದಂತೆ ನೂರಕ್ಕೂ ಹೆಚ್ಚು ವರ್ಷ ಚಿನ್ನ ಕೊಟ್ಟ ಗಣಿ. ಅದರೊಳಗೆ ಬಟ್ಟೆ ಒಣಶುಚಿಗೆ ಬಳಸುವ ದ್ರಾವಣದ ದೊಡ್ಡ ಟ್ಯಾಂಕಿಟ್ಟು ರೇ ಡೇವಿಸ್ ಅವರು ಸೂರ್ಯನ ನ್ಯೂಟ್ರಿನೋಗಳನ್ನು ಎಣಿಸಿದ್ದರು. 2002ರ ನೊಬೆಲ್ ಅವರಿಗೂ ಸಂದಿತು. ಆ ಹೊತ್ತಿಗೆ ಗಣಿ ಮುಚ್ಚಿತ್ತು. 2003ರಲ್ಲಿ ಪಂಪುಗಳು ನಿಂತು ನೀರು ಏರತೊಡಗಿತು. 2006ರಲ್ಲಿ ಗಣಿಯ ಒಡೆಯರು ಅದನ್ನು ರಾಜ್ಯಕ್ಕೆ ದಾನವಾಗಿ ಕೊಟ್ಟರು. ನೀರನ್ನು ಮತ್ತೆ ಮೇಲೆತ್ತಿ, ಒಂದೂವರೆ ಕಿ.ಮೀ. ಆಳದ ಮಟ್ಟವನ್ನು ಒಣಗಿಸಿ ಪ್ರಯೋಗಾಲಯ ಕಟ್ಟಿದರು. ಇಡೀ ಗಣಿಯನ್ನು ಅವರು ಬರಿದು ಮಾಡಲಿಲ್ಲ ಎಂಬುದನ್ನು ಗಮನಿಸಿ. ಬೇಕಾದ ಮಟ್ಟದ ಕೆಳಗೆ ನೀರನ್ನು ತಡೆದು ನಿಲ್ಲಿಸಿದ್ದಾರೆ.

ಕೆಜಿಎಫ್‌ನಲ್ಲಿ ಇದು ಸುಲಭವೆಂದು ನಾನು ಹೇಳುವುದಿಲ್ಲ. ಆಳದಲ್ಲಿ ಬಂಡೆ ಸಿಡಿದು ಜೀವ ತೆಗೆಯುತ್ತಿದ್ದ ಗಣಿ ಅದು. ರಾಕ್ ಬರ್ಸ್ಟ್ ಎಂಬ ಶಬ್ದ ಕೇಳಿದರೆ ನಮ್ಮ ಓಣಿಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಶಾಫ್ಟಿನತ್ತ ಓಡುತ್ತಿದ್ದರು. ನೀರೆತ್ತುವ ಖರ್ಚು ಸಣ್ಣದಲ್ಲ. ಇದಕ್ಕಿಂತಲೂ ಭಾರವಾದ ಆಕ್ಷೇಪ ಇನ್ನೊಂದಿದೆ. ಕೆಲಸ ಕಳೆದುಕೊಂಡ ಆ ಊರಿನ ಮಕ್ಕಳು ಇಂದಿಗೂ ನಸುಕಿನಲ್ಲಿ ಎದ್ದು ರೈಲಿನಲ್ಲಿ ನೇತಾಡುತ್ತ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರಿಗೆ ನ್ಯೂಟ್ರಿನೋ ಯಾಕೆ? ಈ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆದರೆ ಬಾಂಬೆಯವರ ಪ್ರಯೋಗ ನಡೆದಷ್ಟು ಕಾಲ ಫಿಟ್ಟರ್, ಎಲೆಕ್ಟ್ರಿಷಿಯನ್, ಕೇಜಿನವನು ಎಲ್ಲರೂ ಅದರ ಭಾಗವಾಗಿದ್ದರು ಎಂಬುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ದೊಡ್ಡ ಪ್ರಯೋಗಾಲಯವೆಂದರೆ ನಾಲ್ಕು ಜನ ಡಾಕ್ಟರೇಟು ಪಡೆದವರ ಮನೆಯಲ್ಲ.

2024ರಲ್ಲಿ ಕರ್ನಾಟಕ ಸಂಪುಟವು ಕೆಜಿಎಫ್‌ನ 13 ಸೈನೈಡ್ ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಸಾವಿರ ಎಕರೆಗೂ ಮಿಕ್ಕಿದ ದಿಬ್ಬಗಳು. ಅಂದರೆ ಊರಿನ ಕಡತ ಎರಡು ದಶಕಗಳ ಬಳಿಕ ಮತ್ತೆ ಮೇಜಿಗೆ ಬಂದಿದೆ. ಕಡತ ಮತ್ತೆ ಕಪಾಟು ಸೇರುವ ಮುನ್ನ ಅದಕ್ಕೆ ಒಂದು ಹಾಳೆ ಸೇರಿಸಿ ಎಂಬುದಷ್ಟೇ ನನ್ನ ಕೇಳಿಕೆ. ಯಾವ ಶಾಫ್ಟಿನಲ್ಲಿ ನೀರು ಎಷ್ಟು ಎತ್ತರಕ್ಕಿದೆ, ಯಾವುದರ ಗೋಡೆ ಇನ್ನೂ ಗಟ್ಟಿಯಿದೆ, ಒಂದು ಕಿ.ಮೀ. ಮಟ್ಟವನ್ನಾದರೂ ಒಣಗಿಸಲು ತಗಲುವ ಖರ್ಚೆಷ್ಟು ಎಂಬುದನ್ನು ಅಳೆದು ಸಾರ್ವಜನಿಕರ ಮುಂದಿಡಲಿ. ಆಗದು ಎಂಬ ಉತ್ತರ ಬಂದರೆ ಬರಲಿ. ಅಳೆಯದೆ ಆಗದು ಎನ್ನುವುದು ಬೇಡ. ದಿಬ್ಬದ ಚಿನ್ನದಿಂದ ಬರುವ ಹಣದಲ್ಲಿ ಆ ಅಳತೆಯ ಖರ್ಚು ಲೆಕ್ಕಕ್ಕೆ ಬಾರದಷ್ಟು ಚಿಕ್ಕದಿರುತ್ತದೆ.

ಅವಸರಕ್ಕೆ ಇನ್ನೊಂದು ಕಾರಣವುಂಟು. ನಕ್ಷೆಗಳು ಕಚೇರಿಯಲ್ಲಿ ಸಿಗಬಹುದು. ಯಾವ ಮಟ್ಟದಲ್ಲಿ ಬಂಡೆ ಮುಲುಗುತ್ತಿತ್ತು, ಎಲ್ಲಿ ನೀರು ಜಿನುಗುತ್ತಿತ್ತು, ಯಾವ ತಿರುವಿನಲ್ಲಿ ಬಾಂಬೆಯವರ ಕಬ್ಬಿಣವನ್ನು ಕೈಯಲ್ಲೇ ಎಳೆಯಬೇಕಾಗಿತ್ತು ಎಂಬುದು ನಕ್ಷೆಯಲ್ಲಿಲ್ಲ. ಅಪ್ಪ ತೀರಿಕೊಂಡು ಆರು ವರ್ಷಗಳಾದವು. ಅವರ ಪಾಳಿಯಲ್ಲಿದ್ದವರ ಪೈಕಿ ಇಬ್ಬರು ಇನ್ನೂ ಊರಿಗಾಂನಲ್ಲಿ ಇದ್ದಾರೆ. ಹೋದ ಸಲ ರಜೆಗೆ ಹೋದಾಗ ಭೇಟಿಯಾಗಿದ್ದೆ. ಒಬ್ಬರಿಗೆ ಕಿವಿ ಕೇಳುವುದಿಲ್ಲ. ಇನ್ನೊಬ್ಬರು ಸ್ಲೇಟು ತರಿಸಿ, ಎಂಬತ್ತನೇ ಲೆವೆಲ್ಲಿಗೆ ಎಷ್ಟು ಗಂಟೆ ಹೊಡೆಯಬೇಕೆಂದು ಬರೆದು ತೋರಿಸಿದರು.